ಮೆಣಸಿನ ಇಲಿಯ ಬಳಗ

ಕರಿಮೆಣಸಿನ ಕೊಯ್ಲು ಬಂತೆಂದರೆ ನಮ್ಮ ವಯನಾಡಿನಲ್ಲಿ ಇಲಿಯ ಮಾತು ಏಳುತ್ತದೆ. ಕಳೆದ ಕೊಯ್ಲಿನಲ್ಲಿ, ಕಾಡಂಚಿನ ನಮ್ಮ ತೋಟದ ಆಳು ಬಂದು, "ಧಣಿ, ಇಲಿ ಕಾಟ ಜಾಸ್ತಿಯಾಗಿದೆ, ಮದ್ದು ಇಡಲೇ?" ಎಂದ. ನಾವು ಹೂಂ ಎನ್ನಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಮೂರನೆಯ ದಿನ ಸತ್ತ ಪ್ರಾಣಿಯೊಂದನ್ನು ಬಾಳೆಲೆಯಲ್ಲಿಟ್ಟು ತಂದ. ಅದು ಗೋದಾಮಿನ ಇಲಿಯಾಗಿರಲಿಲ್ಲ. ಬೆನ್ನಿನ ಕೂದಲ ನಡುವೆ ಚಪ್ಪಟೆ ಮುಳ್ಳುಗಳು, ಅಳಿಲಿನದರಂತೆ ಪೊದೆಬಾಲ, ಬಾಲದ ತುದಿ ಬಿಳಿ.

ಪ್ರಾಣಿಶಾಸ್ತ್ರ ಓದುತ್ತಿರುವ ತಮ್ಮನ ಮಗಳಿಗೆ ತೋರಿಸಿದೆವು. "ದೊಡ್ಡಪ್ಪಾ, ಇದು ಪಶ್ಚಿಮ ಘಟ್ಟ ಬಿಟ್ಟರೆ ಲೋಕದಲ್ಲಿ ಎಲ್ಲೂ ಇಲ್ಲ" ಎಂದಳು. ಇಂಗ್ಲಿಷಿನವರು ಪೆಪ್ಪರ್ ರ್ಯಾಟ್ ಎಂದು ಕರೆದದ್ದು ಇದನ್ನೇ. 1859ರಲ್ಲಿ ಎಡ್ವರ್ಡ್ ಬ್ಲೈತ್ ಎಂಬ ವಿದ್ವಾಂಸರು ಇದಕ್ಕೆ ಪ್ಲಾಟಕಾಂಥೊಮಿಸ್, ಅಂದರೆ ಚಪ್ಪಟೆ ಮುಳ್ಳಿನ ಇಲಿ, ಎಂದು ಹೆಸರಿಟ್ಟರು. ಮರದ ಪೊಟರೆಯಲ್ಲಿ ವಾಸ, ರಾತ್ರಿ ಸಂಚಾರ, ಹಣ್ಣು ಬೀಜಗಳೇ ಆಹಾರ.

ಇದರ ಕುಲ ಯಾವುದು? ಪೊದೆಬಾಲ ಕಂಡು ಹಿಂದಿನವರು ಯುರೋಪಿನ ಡಾರ್ಮೌಸ್ ಗುಂಪಿಗೆ ಸೇರಿಸಿದ್ದರು. ಒಣಗಿದ ಪಪ್ಪಾಯಿ ಬೀಜವೂ ಕಣ್ಣಿಗೆ ಕರಿಮೆಣಸೇ ಅಲ್ಲವೇ? ಹಲ್ಲಿಗೆ ಸಿಕ್ಕಿದಾಗ ನಿಜ ತಿಳಿಯುತ್ತದೆ. ಇಲ್ಲಿಯೂ ಗುಟ್ಟು ಹೇಳಿದ್ದು ಹಲ್ಲೇ. ಡಾರ್ಮೌಸಿಗೆ ದವಡೆಯ ಒಂದೊಂದು ಬದಿಗೆ ನಾಲ್ಕು ಅರೆಯುವ ಹಲ್ಲು. ನಮ್ಮದಕ್ಕೆ ಮನೆಯಿಲಿಯಂತೆ ಮೂರೇ. ಚೀನಾ, ವಿಯೆಟ್ನಾಂ ಕಡೆಯ ಇದರ ಹತ್ತಿರದ ನಂಟನ ಡಿಎನ್‌ಎ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೂ, ಇಲಿಗಳ ದೊಡ್ಡ ವಂಶದಿಂದ ಎಲ್ಲಕ್ಕಿಂತ ಮೊದಲು ಕವಲೊಡೆದ ಮನೆತನವಿದು ಎಂದೇ ತೋರಿಸಿತು.

ಆ ದೊಡ್ಡ ವಂಶದ ದಾಯಾದಿ ಜರ್ಬೋವಾ. ಆಫ್ರಿಕಾ, ಮಧ್ಯ ಏಷ್ಯಾಗಳ ಮರಳುಗಾಡಿನಲ್ಲಿ ಉದ್ದ ಹಿಂಗಾಲುಗಳಿಂದ ಕಾಂಗರೂವಿನಂತೆ ನೆಗೆಯುತ್ತದೆ. ಆದರೆ ಕಾಂಗರೂವಿಗೂ ಅದಕ್ಕೂ ಸಂಬಂಧವಿಲ್ಲ. ಮಳೆಕಾಡಿನ ಮರವೇರುವ ನಮ್ಮ ಇಲಿಗೆ, ರೂಪದಲ್ಲಿ ಹೋಲುವ ಡಾರ್ಮೌಸಿಗಿಂತ ಮರುಭೂಮಿಯ ಆ ಜರ್ಬೋವಾವೇ ಹತ್ತಿರದ ಬಂಧು!

ಇಷ್ಟು ಹಳೆಯ ಮನೆತನದ ಕುಡಿಯೊಂದು ನಮ್ಮ ಬಾಳೆಲೆಯ ಮೇಲೆ ಸತ್ತು ಮಲಗಿತ್ತು. ಕೃತ, ಕಾರಿತ, ಅನುಮೋದನ ಎಂದು ಹಿರಿಯರು ಮೂರು ಹೇಳಿದ್ದಾರೆ. ವಿಷ ಇಟ್ಟವನು ಆಳು, ಸುಮ್ಮನಿದ್ದವರು ನಾವು. ಲೆಕ್ಕ ಯಾರ ಖಾತೆಗೆ ಹೋಗುತ್ತದೆಂದು ವ್ಯಾಪಾರಿಗೆ ಬೇರೆ ಹೇಳಬೇಕೇ?

ಈ ವರ್ಷ ತೋಟದಲ್ಲಿ ಮದ್ದಿಲ್ಲ. ಪೊಟರೆಯ ಹಳೆ ಮರಗಳಿಗೆ ಕೊಡಲಿ ಹಾಕಬಾರದೆಂದು ಸ್ಪಷ್ಟವಾಗಿ ಹೇಳಿದ್ದೇವೆ. ನಾಲ್ಕು ಗೊಂಚಲು ಹೋದರೆ ಹೋಗಲಿ. ಓದುಗ ಬಂಧುಗಳೂ ಆಳು ಕೇಳಿದಾಗ ಸುಮ್ಮನಿರದೆ, ಬಾಯಿಬಿಟ್ಟು "ಬೇಡ" ಎನ್ನಿರಿ.