ಒಲೆಗೆ ಹೊರಟ ಕೊಂಬೆಯನ್ನು ಒಮ್ಮೆ ತಡೆದು ನೋಡಿ



ಸಂಕ್ರಾಂತಿ ಕಳೆದು ಕಣದ ಕೆಲಸ ಮುಗಿಯುತ್ತಿದ್ದಂತೆ ನಮ್ಮಲ್ಲಿ ಮರ ಸವರುವ ಕೆಲಸ ಆರಂಭವಾಗುತ್ತದೆ. ಬದುವಿನ ಮರದ ನೆರಳು ಮುಂದಿನ ಬೆಳೆಗೆ ತಾಗುತ್ತದೆಂದು ಕೆಲವು ಕೊಂಬೆ, ಕರೆಂಟು ತಂತಿಗೆ ಮುಟ್ಟುತ್ತದೆಂದು ಕೆಲವು, ಗಾಳಿಗೆ ಸೀಳಿದ್ದೆಂದು ಕೆಲವು. ಹೀಗೆ ಬಿದ್ದ ಕೊಂಬೆಗಳ ಸೊಪ್ಪು ಆಡು ಕುರಿಗೋ ಗೊಬ್ಬರದ ಗುಂಡಿಗೋ ಹೋಗುತ್ತದೆ. ಉಳಿದ ತೊಡೆ ಗಾತ್ರದ ತುಂಡುಗಳು ತೂಕದ ಲೆಕ್ಕದಲ್ಲಿ ಸೌದೆ ಮಂಡಿಗೋ ಇಟ್ಟಿಗೆ ಗೂಡಿಗೋ ಹೋಗುತ್ತವೆ. ಹಲಸಾದರೂ ಒಂದೇ ದರ, ಜಾಲಿಯಾದರೂ ಒಂದೇ ದರ. ಈ ಲೆಕ್ಕ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣ ಹೇಳಲು ಒಂದು ಬಟ್ಟಲಿನ ವಿಷಯ ಎತ್ತಿಕೊಳ್ಳುತ್ತೇನೆ.

ಎಂಟು ಅಂಗುಲ ದಪ್ಪದ ಒಂದು ಕೊಂಬೆಯ ತುಂಡನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಒಂದು ಹೋಳನ್ನು ಲೇತಿಗೆ ಕಟ್ಟಿ ಕಡೆದರೆ ಬಟ್ಟಲಾಗುತ್ತದೆ. ಹೋಳಿನ ಸೀಳಿದ ಮುಖ ಬಟ್ಟಲಿನ ತಳವಾಗುತ್ತದೆ, ಉಬ್ಬಿದ ತೊಗಟೆಯ ಮುಖ ಬಾಯಿಯಾಗುತ್ತದೆ. ಕೊಂಬೆ ದುಂಡಗಿರುವುದರಿಂದ ಬಾಯಿಯ ಅಂಚು ಸಮನಾಗಿರದೆ ಎರಡು ಕಡೆ ಏರಿ ಎರಡು ಕಡೆ ಇಳಿದಿರುತ್ತದೆ. ಆ ಅಂಚಿನ ಸುತ್ತ ಕಪ್ಪು ತೊಗಟೆ, ಅದರ ಕೆಳಗೆ ಬಿಳಿ ಎಳೆಮರ, ಒಳಗೆ ಬಣ್ಣದ ಚೇಗು. ಹಲಸಿನದಾದರೆ ಒಳಗೆಲ್ಲ ಅರಿಶಿನದ ಬಣ್ಣ. ಮಲೆನಾಡಿನ ಹಿರಿಯರು ಇದನ್ನು ನೋಡಿದರೆ ಉಪ್ಪು, ಹುಳಿ ಹಾಕಿಡುತ್ತಿದ್ದ ಮರಿಗೆಯ ತಮ್ಮನೆಂದಾರು. ಮರಿಗೆಯನ್ನು ಉಳಿ ಬಾಚಿಯಿಂದ ಕೆತ್ತುತ್ತಿದ್ದರು, ಇದನ್ನು ಲೇತಿನಲ್ಲಿ ಕಡೆಯುತ್ತಾರೆ, ಅಷ್ಟೆ. ಇಂಥ ಬಟ್ಟಲನ್ನು ನಗರದವರು ಸೌದೆಯ ತೂಕಕ್ಕೆ ಸಂಬಂಧವೇ ಇಲ್ಲದ ಬೆಲೆ ಕೊಟ್ಟು ಕೊಳ್ಳುತ್ತಾರೆ.

"ನಾವು ಬೇಸಾಯಗಾರರು, ನಮಗೇಕೆ ಬಡಗಿಯ ಕೆಲಸ?" ಎಂದು ತಾವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ರೈತರೆಲ್ಲ ಲೇತು ಕೊಂಡು ಬಟ್ಟಲು ಕಡೆಯಿರೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರ ಮಾತು ನಂಬಿ ಸಾಲ ಮಾಡಲೂ ಬೇಡಿ. ನಾನು ಹೇಳುವುದಿಷ್ಟೆ: ಬಟ್ಟಲು ಆಗುತ್ತದೋ ಕೆಡುತ್ತದೋ ಎಂಬುದು ಮುಕ್ಕಾಲು ಪಾಲು ನಿರ್ಧಾರವಾಗುವುದು ಲೇತಿನ ಮೇಲಲ್ಲ, ತಮ್ಮ ಹೊಲದಲ್ಲಿ. ಯಾವ ತಿಂಗಳಲ್ಲಿ ಕಡಿದಿರಿ, ಎಷ್ಟು ಉದ್ದಕ್ಕೆ ತುಂಡರಿಸಿದಿರಿ, ಕಡಿದ ಮೇಲೆ ಬಿಸಿಲಿಗೆ ಬಿಟ್ಟಿರೋ ನೆರಳಿಗೆ ಎಳೆದಿರೋ, ಇವೆಲ್ಲ ಮರದ ಒಡೆಯನ ಕೈಯಲ್ಲಿರುವ ಸಂಗತಿಗಳು.

ನಾನೇ ಕೆಡಿಸಿದ್ದನ್ನು ಹೇಳುತ್ತೇನೆ. ಒಂದು ಆಷಾಢದಲ್ಲಿ ನಮ್ಮ ಹಿತ್ತಲ ಮಾವಿನ ಕೊಂಬೆ ಗಾಳಿಗೆ ಮುರಿಯಿತು. ಆಸೆಯಿಂದ ಅದರ ತುಂಡನ್ನು ನಮ್ಮ ಕಡೆಯ ಒಬ್ಬ ಹಳೆಯ ಕಡೆತದವರ ಬಳಿಗೆ ಒಯ್ದೆ. ಆತ ಆಯುಷ್ಯವೆಲ್ಲ ಬುಗುರಿ, ಕಡೆಗೋಲು, ತೊಟ್ಟಿಲ ಕಾಲು ಮಾಡಿದವರು. ಹೊರಮೈ ಚೆನ್ನಾಗಿ ಬಂತು. ಒಳಗೆ ಟೊಳ್ಳು ತೆಗೆಯುವಾಗ ತೊಗಟೆಯೆಲ್ಲ ಒಂದೇ ಏಟಿಗೆ ಬಳೆಯಂತೆ ಕಳಚಿ ಗೋಡೆಗೆ ಬಡಿಯಿತು. ಅವರು ಲೇತು ನಿಲ್ಲಿಸಿ, "ಅಲ್ಲಾ ಸ್ವಾಮಿ, ಸಿಪ್ಪೆ ಸುಲಿಯೋ ಕಾಲದಲ್ಲಿ ಕಡಿದು ತಂದು ಈಗ ಸಿಪ್ಪೆ ನಿಲ್ಲಲಿ ಅಂದ್ರೆ ನಿಲ್ತದಾ?" ಎಂದರು. ನನಗೆ ನಾಚಿಕೆಯಾಯಿತು. ಏಕೆಂದರೆ ಕಣ್ಣು ಕಸಿ ಮಾಡುವಾಗ ತೊಗಟೆ ಸುಲಭವಾಗಿ ಬಿಡುವ ಕಾಲ ನೋಡಿ ಎಂದು ಊರೂರಿಗೆ ಹೇಳಿಕೊಂಡು ಬಂದವನು ನಾನೇ. ಚಿಗುರಿನ ಕಾಲದಲ್ಲಿ ತೊಗಟೆಗೂ ಮರಕ್ಕೂ ನಡುವಿನ ಬೆಳೆಯುವ ಪದರ ಮೆತ್ತಗಿರುತ್ತದೆ. ಕಸಿಗೆ ಅದು ವರ, ಬಟ್ಟಲಿಗೆ ಅದು ಕೇಡು. ಮರ ಬೆಳವಣಿಗೆ ನಿಲ್ಲಿಸಿ ಸುಮ್ಮನಿರುವ ಮಾಗಿಯ ದಿನಗಳಲ್ಲಿ, ಹೊಸ ಚಿಗುರು ಬರುವ ಮುನ್ನ ಕಡಿದರೆ ತೊಗಟೆ ಕಚ್ಚಿಕೊಂಡು ನಿಲ್ಲುತ್ತದೆ. ಒಂದು ಪಕ್ಷ ತೊಗಟೆ ಸಡಿಲವಾಗಿಯೇ ಇದ್ದರೆ ಅರ್ಧಂಬರ್ಧ ಉಳಿಸಲು ಹೋಗದೆ ಪೂರ್ತಿ ಕೆತ್ತಿ ತೆಗೆಯುವುದೇ ಲೇಸು. ಏರಿಳಿತದ ಅಂಚು ಆಗಲೂ ಉಳಿಯುತ್ತದೆ.

ಕಡಿದ ಕೊಂಬೆಯನ್ನು ತಕ್ಷಣ ಸಣ್ಣ ತುಂಡು ಮಾಡಬೇಡಿ. ಆದಷ್ಟು ಉದ್ದವಾಗಿಯೇ ನೆರಳಿಗೆ ಎಳೆಸಿ. ಮರದ ನೀರು ಬೇಗ ಹೋಗುವುದು ಕೊಯ್ದ ತುದಿಗಳಿಂದ, ಆದ್ದರಿಂದ ಬಿರುಕು ಬೀಳುವುದೂ ಮೊದಲು ಅಲ್ಲಿಯೇ. ತುದಿಗೆ ಕರಗಿಸಿದ ಮೇಣ ಬಳಿದರೆ ಉತ್ತಮ, ಇಲ್ಲವಾದರೆ ದಪ್ಪನೆಯ ಹಳೆಯ ಬಣ್ಣವಾದರೂ ಆದೀತು. ಉದ್ದವಾಗಿಟ್ಟ ತುಂಡಿನ ತುದಿ ನಾಲ್ಕಂಗುಲ ಸೀಳಿದರೂ ಅದನ್ನು ಕೊಯ್ದು ಎಸೆಯಬಹುದು. ಒಂಬತ್ತು ಅಂಗುಲಕ್ಕೆ ಮೊದಲೇ ತುಂಡರಿಸಿಟ್ಟರೆ ಎಸೆದು ಉಳಿಯುವುದೇನು?

ಕೊಂಬೆಯ ನಡುವೆ ಪೆನ್ಸಿಲಿನ ಕಡ್ಡಿಯಂತೆ ತಿರುಳಿರುತ್ತದೆಯಷ್ಟೆ, ಅದು ಬಟ್ಟಲಿನೊಳಗೆ ಉಳಿಯಕೂಡದು. ಒಣಗುವಾಗ ಮರ ಉಂಗುರದ ಗುಂಟ ಕುಗ್ಗುವುದು ತಿರುಳಿನ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ಈ ಎಳೆದಾಟದಲ್ಲಿ ತಿರುಳಿನ ಸುತ್ತ ಸೀಳು ಬಿಡುತ್ತದೆ. ಆದ್ದರಿಂದಲೇ ತಿರುಳಿನ ಮೇಲೇ ಗರಗಸ ಆಡಿಸಿ ಎರಡು ಹೋಳು ಮಾಡುವುದು, ಆಮೇಲೆ ಸೀಳಿದ ಮುಖದಿಂದ ಇನ್ನೂ ಅರ್ಧ ಅಂಗುಲ ತೆಗೆಯುವುದು. ಕೊಂಬೆಯ ಇನ್ನೊಂದು ದೋಷವೂ ತಮಗೆ ಗೊತ್ತಿರಲಿ. ಅಡ್ಡಕ್ಕೆ ಚಾಚಿದ ಕೊಂಬೆ ತನ್ನ ಭಾರ ತಾನೇ ಹೊತ್ತು ಬೆಳೆದಿರುತ್ತದೆ. ಅದರ ತಿರುಳು ನಡುವಿನಲ್ಲಿರದೆ ಒಂದು ಪಕ್ಕಕ್ಕೆ ಸರಿದಿರುತ್ತದೆ, ಮೇಲ್ಭಾಗದ ನಾರು ಬಿಗಿತದಿಂದ ಕೂಡಿರುತ್ತದೆ. ಅಂಥದ್ದನ್ನು ಕಡೆದರೆ ಮೈ ನವಿರಾಗದೆ ಜುಂಗು ಏಳುತ್ತದೆ, ಒಣಗಿದಾಗ ಬಹಳ ಸೊಟ್ಟಗಾಗುತ್ತದೆ. ನೆಟ್ಟಗೆ ಮೇಲಕ್ಕೆ ಬೆಳೆದ ಕೊಂಬೆಯನ್ನೇ ಆರಿಸಿ.

ಈಗ ಲೇತಿನ ಕೆಲಸ. ಒಂದು ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟಾರು ಈ ಗಾತ್ರಕ್ಕೆ ಸಾಕು. ಹೋಳನ್ನು ದುಂಡಗೆ ಕೊಯ್ದು, ತೊಗಟೆಯ ನಡುವೆ ಒಂದು ರೂಪಾಯಿ ಅಗಲಕ್ಕಿಂತ ತುಸು ಹೆಚ್ಚಾಗಿ ತೊಗಟೆ ಕೆತ್ತಿ ತೆಗೆದು, ಅಲ್ಲಿ ಲೇತಿನ ಮುಳ್ಳು ಗಟ್ಟಿಮರಕ್ಕೇ ನಾಟುವಂತೆ ಮಾಡಬೇಕು. ತೊಗಟೆಯ ಮೇಲೇ ಮುಳ್ಳು ಕೂರಿಸಿದರೆ ಅದು ಜಾರಿ ತುಂಡು ಹಾರುತ್ತದೆ. ಸೀಳಿದ ಮುಖಕ್ಕೆ ಎದುರು ಮೊನೆ ಒತ್ತಬೇಕು. ಕಡೆಯುವ ಮುನ್ನ ಕೈಯಿಂದ ತಿರುಗಿಸಿ, ಏರಿದ ಎರಡು ಅಂಚು ಒಂದೇ ಎತ್ತರಕ್ಕೂ ಇಳಿದ ಎರಡು ಅಂಚು ಒಂದೇ ತಗ್ಗಿಗೂ ಬರುವಂತೆ ಎದುರು ಮೊನೆಯನ್ನು ಸರಿಸಿಕೊಳ್ಳಬೇಕು. ಈ ಐದು ನಿಮಿಷ ಉಳಿಸಲು ಹೋದವರ ಬಟ್ಟಲು ಒಂದು ಕಿವಿ ದೊಡ್ಡದು ಒಂದು ಚಿಕ್ಕದು ಆಗುತ್ತದೆ.

ಹೊರಮೈ ಕಡೆಯಲು ದೋಣಿಬಾಯಿಯ ಉಳಿ ಬೇಕು. ಅಂಚಿನ ಹತ್ತಿರ ಉಳಿ ತೊಗಟೆಯ ಕಡೆಯಿಂದ ಮರದ ಕಡೆಗೇ ಚಲಿಸಬೇಕು. ಹಾಗಾದರೆ ತೊಗಟೆ ಮರಕ್ಕೆ ಒತ್ತಿಕೊಳ್ಳುತ್ತದೆ. ಮರದಿಂದ ಹೊರಕ್ಕೆ ಕೊಯ್ದರೆ ತೊಗಟೆ ಎದ್ದು ಹೋಗುತ್ತದೆ. ಹೊರಮೈ ಆದ ಮೇಲೆ ತಳದಲ್ಲಿ ಎರಡಂಗುಲದ ಗುಪ್ಪೆ ಬಿಟ್ಟು, ತುಂಡನ್ನು ತಿರುಗಿಸಿ, ಗುಪ್ಪೆಯನ್ನು ಚಕ್ಕಿನ ದವಡೆಗೆ ಕಚ್ಚಿಸಿ ಒಳಗನ್ನು ತೆಗೆಯಬೇಕು.

ಇಲ್ಲಿಯೇ ಎಚ್ಚರಿಕೆ ಬೇಕಾದದ್ದು. ಅಂಚು ಏರಿಳಿಯುವುದರಿಂದ ಒಂದು ಸುತ್ತಿನಲ್ಲಿ ಉಳಿಯ ಬಾಯಿಗೆ ಎರಡು ಸಾರಿ ಮರ ಸಿಕ್ಕುತ್ತದೆ, ಎರಡು ಸಾರಿ ಬರಿ ಗಾಳಿ ಸಿಕ್ಕುತ್ತದೆ. ತಿರುಗುವಾಗ ಏರಿದ ಅಂಚು ಕಣ್ಣಿಗೆ ಕಾಣುವುದಿಲ್ಲ, ನೆರಳಿನಂತೆ ಮಸುಕಾಗಿ ತೋರುತ್ತದೆ. ಆ ನೆರಳಿನೊಳಗೆ ಬೆರಳು ಹೋದರೆ ಬೆರಳು ಉಳಿಯುವುದಿಲ್ಲ. ಉಳಿಯನ್ನು ಆನಿಕೆಯ ಮೇಲೆ ಒತ್ತಿ, ಕೈ ಆನಿಕೆಯ ಹಿಂದೆಯೇ ಇರಿಸಿ, ಉಳಿಯನ್ನು ಮರಕ್ಕೆ ಒತ್ತದೆ ಹಗುರವಾಗಿ ನಡೆಸಬೇಕು. ಮುಖಕ್ಕೆ ಗವಸು ಬೇಕೇ ಬೇಕು. ಹೆಗಲ ಮೇಲಿನ ಟವೆಲು, ಜೋತುಬಿದ್ದ ತೋಳು, ಸೆರಗು, ಬಿಟ್ಟ ಕೂದಲು ಇವು ಯಾವುವೂ ಲೇತಿನ ಹತ್ತಿರ ಸುಳಿಯಬಾರದು. ಅಂಚಿಗೆ ಮರಳು ಕಾಗದ ಉಜ್ಜುವುದು ಲೇತು ನಿಲ್ಲಿಸಿದ ಮೇಲೆಯೇ.

ಒಳಗನ್ನು ಒಂದೇ ಸಾರಿಗೆ ಬುಡದವರೆಗೆ ತೆಗೆಯುವುದಲ್ಲ. ಅಂಚಿನಿಂದ ಒಂದಂಗುಲ ಆಳಕ್ಕೆ ಗೋಡೆಯನ್ನು ಬೇಕಾದ ದಪ್ಪಕ್ಕೆ ಮುಗಿಸಿ, ಆಮೇಲೆ ಮುಂದಿನ ಅಂಗುಲಕ್ಕೆ ಹೋಗಬೇಕು. ಮುಗಿಸಿದ ಅಂಚಿಗೆ ಮತ್ತೆ ಉಳಿ ತಾಗಿಸಲು ಹೋಗಬಾರದು. ಹಸಿಮರ ತೆಳುವಾದೊಡನೆ ಅಲುಗಾಡತೊಡಗುತ್ತದೆ, ತಾಗಿಸಿದರೆ ಒಡೆಯುತ್ತದೆ. ಗೋಡೆ ಐದಾರು ಮಿಲಿಮೀಟರು ಇದ್ದು ಎಲ್ಲೆಡೆ ಒಂದೇ ದಪ್ಪವಿದ್ದರೆ ಬಟ್ಟಲು ಒಣಗುವಾಗ ಸೀಳುವುದು ಅಪರೂಪ. ದುಂಡಗಿದ್ದದ್ದು ತುಸು ಮೊಟ್ಟೆಯಾಕಾರಕ್ಕೆ ಬಾಗುತ್ತದೆ, ಅದು ಅದರ ಗುಣ. ತಳ ದಪ್ಪ ಅಂಚು ತೆಳುವಾದರೆ ಮಾತ್ರ ಸೀಳು ಖಂಡಿತ. ಕಡೆದ ಬಟ್ಟಲನ್ನು ಅದರದೇ ಹೊಟ್ಟಿನಲ್ಲಿ ಹುದುಗಿಸಿ ಗಾಳಿ ಬೀಸದ ಮೂಲೆಯಲ್ಲಿ ಕೆಲವು ವಾರ ಇಡಬೇಕು.

ಮೇಲೆ ಯಾವ ಎಣ್ಣೆ ಬಳಿಯಬೇಕೆಂಬುದರಲ್ಲಿ ಬಹಳ ಜನ ತಪ್ಪುತ್ತಾರೆ. ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ ಒಣಗುವ ಜಾತಿಯವಲ್ಲ. ಮೈ ಜಿಡ್ಡಾಗಿಯೇ ಉಳಿದು ಕೆಲವು ದಿನಕ್ಕೆ ಕಮಟು ಹಿಡಿಯುತ್ತದೆ. ಉತ್ತರ ಕರ್ನಾಟಕದ ಬೇಸಾಯಗಾರರು ಬೆಳೆಯುವ ಅಗಸೆಯ ಎಣ್ಣೆ ಗಾಳಿಗೆ ಗಟ್ಟಿಯಾಗಿ ಪೊರೆ ಕಟ್ಟುತ್ತದೆ. ಇಲ್ಲಿ ಅಗಸೆ ಎಂದರೆ ಎಣ್ಣೆಕಾಳಿನ ಅಗಸೆ, ವೀಳ್ಯದೆಲೆ ಬಳ್ಳಿಗೆ ಆಸರೆಯಾಗುವ ಅಗಸೆ ಮರವಲ್ಲ. ತೆಳುವಾಗಿ ಬಳಿದು, ಒರೆಸಿ, ಒಣಗಿಸಿ, ಮತ್ತೆ ಬಳಿದು, ಕೊನೆಗೆ ಜೇನುಮೇಣ ಉಜ್ಜಬಹುದು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು. ಬಿಡಿಸಿ ಬಯಲಲ್ಲಿ ಹರವಿ ಒಣಗಿಸಬೇಕು. ಊಟದ ಪದಾರ್ಥ ಹಾಕುವ ಬಟ್ಟಲಿಗೆ ಕಾಸರಕ, ಕಣಗಿಲೆ, ಕರಿಗೇರುಗಳ ಮರ ಸಲ್ಲದೆಂದು ಬೇರೆ ಹೇಳಬೇಕಾಗಿಲ್ಲ.

ಬಟ್ಟಲಿನ ಮಾತು ಹೇಳುತ್ತ ಹಾಲೆ ಮರದ ಮಾತು ಬಿಟ್ಟರೆ ತಪ್ಪಾದೀತು. ಕೆಲವರು ಆಲೆ ಎನ್ನುತ್ತಾರೆ, ಕೆಲವರು ಬೆಪ್ಪಾಲೆ ಎನ್ನುತ್ತಾರೆ. ಚನ್ನಪಟ್ಟಣದ ಗೊಂಬೆಗಳು ಆಗುವುದು ಇದರಲ್ಲಿಯೇ. ಬಿಳಿ ಮೈ, ಸಣ್ಣ ನಾರು, ಉಳಿಗೆ ಬೆಣ್ಣೆಯಂತೆ ಕೊಡುವ ಗುಣ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಹಿಡಿಯುತ್ತದೆ, ಆಮೇಲೆ ಕೇದಗೆಯ ಗರಿ ಒತ್ತಿ ಹೊಳಪು ತರುತ್ತಾರೆ. ಹಿಂದೆ ನೆಲದ ಮೇಲೆ ಕುಳಿತು ಬಿಲ್ಲಿನಿಂದ ಲೇತು ತಿರುಗಿಸುತ್ತಿದ್ದರು, ಈಗ ಹೆಚ್ಚಾಗಿ ಮೋಟಾರು. 2005-06ನೇ ಸಾಲಿನಲ್ಲಿ ಈ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಕಸುಬಿಗೆ ಮಾನ್ಯತೆ ಬಂತು, ಒಳ್ಳೆಯದೇ. ಆದರೆ ಆ ಕಸುಬಿನ ಮರ ನಮ್ಮ ಬದುವಿನಲ್ಲಿ ಎಷ್ಟು ಉಳಿದಿದೆ? ಕೃಷಿ ಅರಣ್ಯ ಎಂದೊಡನೆ ನನ್ನಂತೆ ಬರೆಯುವವರೂ ಸಿಲ್ವರ್ ಓಕ್, ಹೆಬ್ಬೇವು ಎಂದು ಪಟ್ಟಿ ಕೊಡುತ್ತೇವೆ, ಹಾಲೆಯನ್ನು ಮರೆಯುತ್ತೇವೆ. ಅದು ಬೇಗ ದಪ್ಪವಾಗುವುದಿಲ್ಲ, ನಿಜ. ಆದರೆ ಗೊಂಬೆ, ಬುಗುರಿ, ಬಟ್ಟಲಿಗೆ ದೊಡ್ಡ ದಿಮ್ಮಿ ಏಕೆ? ಕೊಂಬೆಯ ಗಾತ್ರವೇ ಸಾಕು. ಕಡಿದ ಬುಡದಿಂದ ಮತ್ತೆ ಚಿಗುರುವ ಮರ ಅದು. ಒಣ ಬಂಜರಿಗೂ ಹೊಂದಿಕೊಳ್ಳುತ್ತದೆ. ಎರೆಹೊಲದ ನಡುವೆ ಬೇಡ, ಕಲ್ಲುಬದುವಿನ ಮೇಲೆ ಹತ್ತು ಹಾಲೆ ಇದ್ದರೆ ಬೆಳೆಗೇನು ತೊಂದರೆ?

ಮಾರಾಟದ ಬಗ್ಗೆ ಸುಳ್ಳು ಆಸೆ ತೋರಿಸಲಾರೆ. ಒಬ್ಬ ರೈತನ ಎರಡು ಕೊಂಬೆ ಹುಡುಕಿಕೊಂಡು ಯಾರೂ ಬರುವುದಿಲ್ಲ. ಒಂದು ಊರಿನ ಐದಾರು ಮನೆಯವರು ಸವರಿದ ಹಲಸು, ಬೇವು, ಹುಣಿಸೆ, ಹಾಲೆಯ ತುಂಡುಗಳನ್ನು ಬೇರೆ ತೆಗೆದಿಟ್ಟು, ತುದಿಗೆ ಮೇಣ ಬಳಿದು, ಕಡಿದ ತಿಂಗಳನ್ನು ಸುಣ್ಣದಲ್ಲಿ ಬರೆದಿಟ್ಟರೆ ಕಡೆತದವರು ಗಾಡಿ ತರುವ ಸಂಭವವಿದೆ. ಬಂದಾಗ ತೂಕದ ಮೇಲೆ ಮಾತಾಡಬೇಡಿ, ತುಂಡಿನ ಮೇಲೆ ಮಾತಾಡಿ. ಇನ್ನು ಬಟ್ಟಲಿನ ಆಸೆಗೆ ಮರವನ್ನೇ ಕಡಿಯಲು ಹೊರಡುವವರಿದ್ದರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವಿನಾಯಿತಿ ಇರುವ ಕೆಲವು ಜಾತಿಗಳನ್ನು ಬಿಟ್ಟು ಉಳಿದ ಮರ ಉರುಳಿಸಲು ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದನ್ನು ನೆನಪಿಡಲಿ. ದೊಡ್ಡ ಕೊಂಬೆಗೆ ಕೈ ಹಾಕುವ ಮುನ್ನವೂ ವಲಯ ಕಚೇರಿಯಲ್ಲಿ ಒಂದು ಮಾತು ಕೇಳುವುದು ಕ್ಷೇಮ.

ಹಾಲೆಯ ಬೀಜ ಬೇಕಾದವರು ಬೇಸಿಗೆ ಏರುವ ಮುನ್ನವೇ ಮರದ ಕಡೆ ಕಣ್ಣಿಡಿ. ಕಾಯಿಗಳು ಎರಡೆರಡಾಗಿ ತೂಗುತ್ತಿರುತ್ತವೆ, ಜೋಡಿಯ ತುದಿಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಇದೇ ಗುರುತು, ಏಕೆಂದರೆ ಹಾಗೆಯೇ ಜೋಡಿಕಾಯಿ ಬಿಡುವ ಕೊಡಸಿಗದಲ್ಲಿ ತುದಿಗಳು ಕೂಡಿರುವುದಿಲ್ಲ. ಬಲಿತು ಕಂದು ಬಣ್ಣಕ್ಕೆ ತಿರುಗಿದ ಕಾಯಿಯನ್ನು ಒಡೆಯುವ ಮೊದಲೇ ಕೊಯ್ದು, ತೆಳು ಬಟ್ಟೆ ಮುಚ್ಚಿ ಒಣಗಿಸಿ. ಒಡೆದ ಮೇಲೆ ಹೋದರೆ ಬೀಜ ರೇಷ್ಮೆಯಂಥ ಕುಚ್ಚು ಹಿಡಿದು ಗಾಳಿಯಲ್ಲಿ ಪಕ್ಕದೂರಿಗೆ ಹಾರಿರುತ್ತದೆ.