ಹಡಗಿನ ಎಣ್ಣೆ, ಹೊಲದ ಸಾಲ



ಇವತ್ತು ನಿಮ್ಮ ಅಡುಗೆಮನೆಯಲ್ಲಿರುವ ಎಣ್ಣೆ ಪ್ಯಾಕೆಟ್ ತೆಗೆದು ನೋಡಿ. ನಮ್ಮೂರ ಕಡೆ ಬಹಳ ಮನೆಗಳಲ್ಲಿ ಅದು ತಾಳೆ ಎಣ್ಣೆ, ಇಲ್ಲವೇ ಸೂರ್ಯಕಾಂತಿ ಎಣ್ಣೆ. ಹೊಲದಲ್ಲಿ ಶೇಂಗಾ, ಒಲೆಯ ಮೇಲೆ ಹಡಗಿನಲ್ಲಿ ಬಂದ ಎಣ್ಣೆ! ಇದು ಹೇಗಾಯಿತು ಅಂತ ಕೇಳದೆ ನಮ್ಮ ಸಾಲದ ಲೆಕ್ಕ ಬಗೆಹರಿಯುವುದಿಲ್ಲ.

1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳು ಮಿಷನ್ ಶುರು ಮಾಡಿತು. ಒಳ್ಳೆಯ ಬೀಜ ಕೊಟ್ಟರು, ಆಮದಿಗೆ ಬೇಲಿ ಹಾಕಿದರು. ನಾವು ಬೆಳೆದು ತೋರಿಸಿದೆವು. 1993-94ರ ಹೊತ್ತಿಗೆ ದೇಶ ತಿನ್ನುವ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ದೇಶದ ಹೊಲಗಳದ್ದೇ. ಆಗ ನಾನು ಇಪ್ಪತ್ತು ದಾಟಿದ ಹುಡುಗ. ಚಳ್ಳಕೆರೆಯ ಎಣ್ಣೆ ಗಿರಣಿಗಳ ಮುಂದೆ ಮೂಟೆ ಹೇರಿದ ಗಾಡಿಗಳ ಸಾಲು ಕಂಡವನು.

1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆಗೆದರು. ಮೊದಲು ಸುಂಕ ಶೇಕಡಾ 65. 1998ಕ್ಕೆ ಅದು 15ಕ್ಕೆ ಇಳಿಯಿತು. ಇವತ್ತು ದೇಶದ ಅರ್ಧಕ್ಕಿಂತ ಹೆಚ್ಚು ಎಣ್ಣೆ ಹೊರಗಿನದು, ವರ್ಷಕ್ಕೆ ಸುಮಾರು 160 ಲಕ್ಷ ಟನ್. ಮಳೆ ಕೈಕೊಟ್ಟಿದ್ದು, ರೋಗ ಬಂದಿದ್ದು ನಿಜವೇ. ಆದರೆ ಮಳೆಯಾದ ವರ್ಷವೂ ಬೆಲೆ ಬರದಿದ್ದರೆ ಮೋಡವನ್ನು ಬೈದು ಏನು ಫಲ?

"ಇದು ಜಾಗತಿಕ ಒಪ್ಪಂದ, ನಮ್ಮ ಕೈಯಲ್ಲಿಲ್ಲ" ಅನ್ನುವವರಿದ್ದಾರೆ. ತಾಳೆ ಎಣ್ಣೆಯ ಮಟ್ಟಿಗೆ ಇದು ಸುಳ್ಳು. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಲ್ಲೇ ಅದಕ್ಕೆ ಶೇಕಡಾ 300ರವರೆಗೆ ಸುಂಕ ಹಾಕಲು ನಮಗೆ ಹಕ್ಕಿದೆ. ಬಾಗಿಲ ಕೀಲಿ ದಿಲ್ಲಿಯಲ್ಲೇ ಇದೆ.

ಆ ಕೀಲಿ ತಿರುಗುವ ರೀತಿ ನೋಡಿ. 2025ರ ಮೇ 28ರಂದು ಶೇಂಗಾಕ್ಕೆ ಕ್ವಿಂಟಾಲಿಗೆ 7,263 ರೂಪಾಯಿ ಬೆಂಬಲ ಬೆಲೆ ಘೋಷಿಸಿದರು. ನಾವು ಖುಷಿಪಟ್ಟೆವು. ಎರಡೇ ದಿನ! ಮೇ 30ರಂದು ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಸುಂಕವನ್ನು ಶೇಕಡಾ 20ರಿಂದ 10ಕ್ಕೆ ಇಳಿಸಿದರು. ನಾವು ಇನ್ನೂ ಬೀಜ ಬಿತ್ತಿರಲಿಲ್ಲ. ಅದೇ ಸಂಸ್ಕರಿಸಿದ ಎಣ್ಣೆಯ ಸುಂಕವನ್ನು ಮಾತ್ರ ಮುಟ್ಟಲಿಲ್ಲ. ಅಂದರೆ ರಿಫೈನರಿಗೆ ಬೇಲಿ ಉಂಟು, ರೈತನ ಹೊಲಕ್ಕೆ ಬೇಲಿ ಇಲ್ಲ.

ಹಾಗಾದರೆ ನಮ್ಮ ನಷ್ಟ ಇಂಡೋನೇಷ್ಯಾದ ರೈತನಿಗೆ ಲಾಭವಾಯಿತೇ? ಅದೂ ಇಲ್ಲ. ಅಲ್ಲಿನ ತಾಳೆ ತೋಟಗಳಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಸಣ್ಣ ರೈತರದು. 2022ರ ಏಪ್ರಿಲ್ 28ರಂದು, ತನ್ನ ಪೇಟೆಯಲ್ಲಿ ಎಣ್ಣೆ ದುಬಾರಿಯಾಯಿತೆಂದು ಅಲ್ಲಿನ ಸರ್ಕಾರ ರಫ್ತು ನಿಲ್ಲಿಸಿತು. ತಾಳೆ ಗೊನೆಯ ಬೆಲೆ ಕುಸಿಯಿತು. ಮೇ ತಿಂಗಳಲ್ಲಿ ರೈತರು ಜಕಾರ್ತದ ಬೀದಿಗಿಳಿದ ಮೇಲೆ ನಿಷೇಧ ತೆರವಾಯಿತು. ಆ ದಿನಗಳಲ್ಲಿ ನಮ್ಮ ಅಂಗಡಿಗಳಲ್ಲಿ ಎಣ್ಣೆ ಅಗ್ಗವಿತ್ತೇ? ಕೊಳ್ಳುವವನ ಕೈ ಸುಡುತ್ತಿತ್ತು. ಬೆಳೆದವನಿಗೂ ಇಲ್ಲ, ತಿನ್ನುವವನಿಗೂ ಇಲ್ಲ. ಹಡಗು, ಗೋದಾಮು, ರಿಫೈನರಿ ಇದ್ದವನು ಮಾತ್ರ ಎರಡೂ ಕಡೆ ಕಾಯಬಲ್ಲ. ಸಾಲದ ಕಂತು ಕಟ್ಟಬೇಕಾದವನು ಒಂದು ವಾರವೂ ಕಾಯಲಾರ. ಜಾಗತೀಕರಣ ಹೆಚ್ಚಿಸಿದ ಅಂತರ ಇದೇ: ದೇಶ ದೇಶಗಳ ನಡುವೆ ಅಷ್ಟೇ ಅಲ್ಲ, ಕಾಯಬಲ್ಲವನಿಗೂ ಕಾಯಲಾರದವನಿಗೂ ನಡುವೆ.

ಈ ಅಂತರ ನಮ್ಮ ಊರೊಳಕ್ಕೂ ಬಂದಿದೆ. ಬೋರ್‌ವೆಲ್‌ನಲ್ಲಿ ನೀರು ಸಿಕ್ಕವನು ಅಡಿಕೆ, ದಾಳಿಂಬೆ ಹಾಕಿ ಬಚಾವಾದ. ಮೂರು ಕಡೆ ಕೊರೆಸಿಯೂ ನೀರು ಸಿಗದವನು ಬಡ್ಡಿ ಕಟ್ಟುತ್ತಿದ್ದಾನೆ.

"ಬಡವನಿಗೆ ಅಗ್ಗದ ಎಣ್ಣೆ ಬೇಡವೇ?" ಅನ್ನುತ್ತಾರೆ. ಬೇಕು ಸ್ವಾಮಿ. ಕೂಲಿಯವನ ಒಗ್ಗರಣೆಗೆ ನಾವು ಅಡ್ಡ ಬರುವವರಲ್ಲ. ಸರ್ಕಾರ ನಮ್ಮ ಶೇಂಗಾ ಕೊಂಡು, ಎಣ್ಣೆ ತೆಗೆಸಿ, ರೇಷನ್ ಅಂಗಡಿಯಲ್ಲಿ ಕೊಡಲಿ. ಆ ಖರ್ಚನ್ನು ಖಜಾನೆ ಹೊರಲಿ, ಒಣಭೂಮಿ ರೈತನ ಬೆನ್ನು ಬೇಡ.

ನಮ್ಮ ಬೇಡಿಕೆ ಎರಡೇ. ಬಿತ್ತನೆಗೆ ಮುಂಚೆ ಸುಂಕ ಹೇಳಿ, ಮಾಲು ಮಾರುವ ತನಕ ಇಳಿಸಬೇಡಿ. ಪೇಟೆ ದರ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದರೆ ಸುಂಕ ತಾನಾಗಿ ಏರಲಿ.

ಸಂಸದರು ಊರಿಗೆ ಬಂದಾಗ ನಾವು ರಸ್ತೆ ಕೇಳುತ್ತೇವೆ, ಚರಂಡಿ ಕೇಳುತ್ತೇವೆ. ಈ ಸಲ ಒಂದೇ ಮಾತು ಕೇಳಿ: "ಮೇ 30ರಂದು ನೀವು ಏನು ಮಾಡುತ್ತಿದ್ದಿರಿ?"