ಅಳೆಯುವ ಸೇರು ಸರಿಯಿದೆಯೇ?

ಸರ್ಕಾರಿ ಶಾಲೆಯ ಮೇಷ್ಟ್ರುಗಳಲ್ಲಿ ಎಷ್ಟು ಮಂದಿ ಗೈರುಹಾಜರಾಗುತ್ತಾರೆ? ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಎರಡು ಹೆಸರಾಂತ ಉತ್ತರಗಳಿವೆ. 2003ರಲ್ಲಿ ಮೈಕೆಲ್ ಕ್ರೆಮರ್, ಕಾರ್ತಿಕ್ ಮುರಳೀಧರನ್ ಮತ್ತಿತರ ಸಂಶೋಧಕರು ಹೇಳದೆ ಕೇಳದೆ ಶಾಲೆಗಳಿಗೆ ತಂಡಗಳನ್ನು ಕಳುಹಿಸಿ ಎಣಿಸಿದಾಗ ಶೇ 25ರಷ್ಟು ಶಿಕ್ಷಕರು ಅಲ್ಲಿರಲಿಲ್ಲ. 2017ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಆರು ರಾಜ್ಯಗಳ 619 ಶಾಲೆಗಳಲ್ಲಿ ನಡೆಸಿದ ಅಧ್ಯಯನವು, ಕಾರಣವಿಲ್ಲದೆ ತಪ್ಪಿಸಿಕೊಂಡವರು ಶೇ 2.5ರಷ್ಟು ಮಾತ್ರ ಎಂದಿತು. ಮೊದಲ ಅಂಕಿ ಹಿಡಿದವರಿಗೆ ಶಿಕ್ಷಕ ಕಳ್ಳ. ಎರಡನೆಯದನ್ನು ಹಿಡಿದವರಿಗೆ ನಿರಪರಾಧಿ.

ವಿಚಿತ್ರವೆಂದರೆ ಎರಡನೆಯ ಅಧ್ಯಯನದಲ್ಲೂ ಶಾಲೆಯಲ್ಲಿ ಇಲ್ಲದಿದ್ದ ಶಿಕ್ಷಕರ ಒಟ್ಟು ಪ್ರಮಾಣ ಶೇ 18.5 ಇತ್ತು. ಅಲ್ಲಿ ರಜೆ ಹಾಕಿದವರು, ತರಬೇತಿಗೆ ಹೋದವರು, ಬೇರೆ ಸರ್ಕಾರಿ ಕೆಲಸದ ಮೇಲೆ ಹೋದವರನ್ನೆಲ್ಲ ಬೇರೆ ಬೇರೆ ಕಾಲಂಗಳಲ್ಲಿ ಬರೆದುಕೊಂಡರು. ಮೊದಲ ಅಧ್ಯಯನದ ಅಂಕಿಗೆ ಬೇಕಿದ್ದದ್ದು ಶಾಲೆಯಲ್ಲಿ ಮೇಷ್ಟ್ರು ಇದ್ದಾರೋ ಇಲ್ಲವೋ ಎಂಬುದಷ್ಟೇ. ಹೀಗೆ ತಪಾಸಣೆಯ ನಮೂನೆಯಲ್ಲಿ ಕೆಲವು ಕಾಲಂ ಹೆಚ್ಚಾದ ಮಾತ್ರಕ್ಕೆ ಒಂದು ವೃತ್ತಿಯ ಮಾನವೇ ಅತ್ತಿತ್ತ ಆಯಿತು. ಶೈಕ್ಷಣಿಕ ಸಂಶೋಧನೆಯ ಕುರಿತ ನಮ್ಮ ಸಾರ್ವಜನಿಕ ಚರ್ಚೆಗಳೆಲ್ಲ ಅಳೆದ ಕಾಳಿನ ಸುತ್ತಲೇ ನಡೆಯುತ್ತವೆ. ಅಳೆದ ಸೇರನ್ನು ತಿರುಗಿಸಿ ನೋಡುವವರು ಕಡಿಮೆ.

ಮಕ್ಕಳ ಕಲಿಕೆಯ ಮಾತಿಗೆ ಬಂದರೆ ಇದು ಇನ್ನೂ ಸ್ಪಷ್ಟ. ‘ಪ್ರಥಮ್’ ಸಂಸ್ಥೆ 2005ರಲ್ಲಿ ಆರಂಭಿಸಿದ ‘ಅಸರ್’ ಸಮೀಕ್ಷೆಯ ಸಾಧನ ಸರಳ: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. ಸ್ವಯಂಸೇವಕರು ಗ್ರಾಮೀಣ ಜಿಲ್ಲೆಯೊಂದರಲ್ಲಿ 30 ಹಳ್ಳಿ, ಪ್ರತಿ ಹಳ್ಳಿಯಲ್ಲಿ 20 ಮನೆಗಳಿಗೆ ಹೋಗಿ ಮಗುವನ್ನು ಎದುರಿಗೆ ಕೂರಿಸಿಕೊಂಡು ಓದಿಸುತ್ತಾರೆ. ಎರಡನೇ ತರಗತಿಯ ಪಾಠ ಓದಬಲ್ಲ ಮೂರನೇ ತರಗತಿಯ ಮಕ್ಕಳು 2018ರಲ್ಲಿ ಶೇ 27.3 ಇದ್ದದ್ದು, ಕೋವಿಡ್ ನಂತರ 2022ರಲ್ಲಿ ಶೇ 20.5ಕ್ಕೆ ಕುಸಿದು, 2024ರಲ್ಲಿ ಶೇ 27.1ಕ್ಕೆ ಮೇಲೆದ್ದಿತು. ಇದಕ್ಕೆ ಎದುರಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಧನಾ ಸಮೀಕ್ಷೆ, ಅಂದರೆ ನ್ಯಾಸ್, ಶಾಲೆಯಲ್ಲೇ ನಡೆಯುತ್ತಿದ್ದ ಬಹು ಆಯ್ಕೆಯ ಪರೀಕ್ಷೆ. 2021ರಲ್ಲಿ ಸುಮಾರು 34 ಲಕ್ಷ ಮಕ್ಕಳು ಒಂದೇ ದಿನ ಬರೆದರು. ಡಗ್ ಜಾನ್ಸನ್ ಮತ್ತು ಆಂಡ್ರೆಸ್ ಪರಾಡೊ ನ್ಯಾಸ್ ಅಂಕಿಗಳನ್ನು ಅಸರ್ ಮತ್ತಿತರ ಸ್ವತಂತ್ರ ಸಮೀಕ್ಷೆಗಳೊಂದಿಗೆ ಹೋಲಿಸಿ 2021ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ನ್ಯಾಸ್ ಸರಾಸರಿಗಳು ಉಬ್ಬಿವೆ; ಅದರಲ್ಲಿನ ರಾಜ್ಯಗಳ ಶ್ರೇಯಾಂಕಕ್ಕೂ ಉಳಿದ ಸಮೀಕ್ಷೆಗಳ ಶ್ರೇಯಾಂಕಕ್ಕೂ ತಾಳೆಯೇ ಇಲ್ಲ.

ಉಬ್ಬಿದ್ದು ಹೇಗೆ? ಅಭಿಜಿತ್ ಸಿಂಗ್ ಎಂಬ ಅರ್ಥಶಾಸ್ತ್ರಜ್ಞರ ಕೆಲಸದಲ್ಲಿ ಇದಕ್ಕೊಂದು ಸುಳಿವಿದೆ. ಮಧ್ಯಪ್ರದೇಶದಲ್ಲಿ ಸರ್ಕಾರಿ ಮೌಲ್ಯಮಾಪನ ಎದುರಿಸಿದ ಮಕ್ಕಳನ್ನು ಹೊರಗಿನವರು ಮತ್ತೆ ಪರೀಕ್ಷಿಸಿದಾಗ, ಅಧಿಕೃತ ಅಂಕಗಳು ನೈಜ ಮಟ್ಟಕ್ಕಿಂತ ಬಹಳ ಮೇಲಿದ್ದವು. ಆಂಧ್ರಪ್ರದೇಶದಲ್ಲಿ ಕಾಗದದ ಬದಲು ಟ್ಯಾಬ್ಲೆಟ್‌ನಲ್ಲಿ ಪರೀಕ್ಷೆ ನಡೆಸಿದಾಗ ಈ ಅಂತರ ಗಣನೀಯವಾಗಿ ಇಳಿಯಿತು. ಇದನ್ನು ಶಿಕ್ಷಕರ ಅಪ್ರಾಮಾಣಿಕತೆ ಎಂದು ಮುಗಿಸಿಬಿಡುವುದು ಸುಲಭ. ಆದರೆ ತನ್ನ ಶಾಲೆಯ ಫಲಿತಾಂಶವನ್ನು ತಾನೇ ಅಳೆದು, ಅದನ್ನು ಮೇಲಧಿಕಾರಿಗೆ ಒಪ್ಪಿಸಿ, ಕಡಿಮೆ ಬಂದರೆ ಸಭೆಯಲ್ಲಿ ಎದ್ದುನಿಂತು ಉತ್ತರ ಹೇಳಬೇಕಾದವನ ಕೈಯಲ್ಲಿ ಸೇರು ತುಸು ತುಂಬಿ ಬರುವುದು ಮನುಷ್ಯಸಹಜ. ಅಳೆಯುವವನಿಗೂ ಅಳತೆಯ ಫಲ ಉಣ್ಣುವವನಿಗೂ ನಡುವೆ ದೂರವಿರಬೇಕು ಎಂಬುದು ಸಂಶೋಧನೆಯ ಮೊದಲ ಪಾಠ.

ಸೇರು ಬದಲಾದಾಗ ರಾಶಿಯೇ ಬದಲಾದಂತೆ ಕಾಣುವುದೂ ಉಂಟು. ಕೇಂದ್ರ ಶಿಕ್ಷಣ ಸಚಿವಾಲಯದ ಶಾಲಾ ಮಾಹಿತಿ ವ್ಯವಸ್ಥೆಯಾದ ಯುಡೈಸ್‌ನ ಲೆಕ್ಕದಲ್ಲಿ 2021–22ರಲ್ಲಿ ದೇಶದ ಶಾಲಾ ದಾಖಲಾತಿ 26.5 ಕೋಟಿ ಇತ್ತು, 2023–24ರಲ್ಲಿ 24.8 ಕೋಟಿ. ಸುಮಾರು 1.7 ಕೋಟಿ ಮಕ್ಕಳು ಎಲ್ಲಿ ಹೋದರು ಎಂದು ಗದ್ದಲವೆದ್ದಿತು. 2022–23ರಿಂದ ಶಾಲೆಯ ಒಟ್ಟು ಸಂಖ್ಯೆಯ ಬದಲು ಪ್ರತಿ ವಿದ್ಯಾರ್ಥಿಯ ವಿವರವನ್ನೂ ಪ್ರತ್ಯೇಕವಾಗಿ ದಾಖಲಿಸಲಾಗುತ್ತಿದೆ, ಹಾಗಾಗಿ ಹಳೆಯ ಅಂಕಿಯೊಂದಿಗೆ ನೇರವಾಗಿ ಹೋಲಿಸಲಾಗದು ಎಂದು ಸಚಿವಾಲಯ ವಿವರಿಸಿತು. ಹಾಗಾದರೆ ಶಾಲೆ ಬಿಟ್ಟ ಮಕ್ಕಳೆಷ್ಟು, ಹಾಜರಿ ಪುಸ್ತಕದಲ್ಲಷ್ಟೇ ಇದ್ದ ಮಕ್ಕಳೆಷ್ಟು? ಆ ಒಂದು ಅಂಕಿಯಿಂದ ಇದು ಗೊತ್ತಾಗುವುದಿಲ್ಲ. ಮನೆಮನೆಗೆ ಹೋಗಿಯೇ ತಿಳಿಯಬೇಕು.

ಮನೆಗೆ ಹೋಗಿ ಕೇಳಿದ್ದರಿಂದಲೇ ಒಂದು ದೊಡ್ಡ ಸುಳ್ಳು ಬಿದ್ದುಹೋದ ನಿದರ್ಶನ ನಮ್ಮ ಮುಂದಿದೆ. ಬಡ ತಂದೆತಾಯಿಗೆ ಮಕ್ಕಳನ್ನು ಓದಿಸುವ ಆಸೆಯಿಲ್ಲ ಎಂದು ದಶಕಗಳ ಕಾಲ ಅಧಿಕಾರಿಗಳು ಹೇಳುತ್ತಾ ಬಂದಿದ್ದರು. ಬಿಹಾರ, ಉತ್ತರಪ್ರದೇಶ, ರಾಜಸ್ಥಾನ, ಮಧ್ಯಪ್ರದೇಶ, ಹಿಮಾಚಲಪ್ರದೇಶಗಳ ಹಳ್ಳಿಗಳನ್ನು ಸುತ್ತಿ 1999ರಲ್ಲಿ ಪ್ರಕಟವಾದ ‘ಪ್ರೋಬ್’ ವರದಿಯಲ್ಲಿ, ಗಂಡುಮಕ್ಕಳಿಗೆ ಓದು ಮುಖ್ಯ ಎಂದ ಹೆತ್ತವರು ಶೇ 98, ಹೆಣ್ಣುಮಕ್ಕಳಿಗೂ ಮುಖ್ಯ ಎಂದವರು ಶೇ 89. ಜಗಲಿಯ ಮೇಲೆ ಕೂತು ಕೇಳಿದ ಮಾತು ಕಚೇರಿಯ ಕಡತಕ್ಕಿಂತ ದೂರ ನೋಡಿತ್ತು.

ಸಾಧನವು ಭಾಷೆಯನ್ನೂ ಬಲ್ಲದಾಗಿರಬೇಕು. ಕನ್ನಡ ಕಲಿಯುವ ಮಕ್ಕಳ ಓದನ್ನು ಅಧ್ಯಯನ ಮಾಡಿ ಸೋನಾಲಿ ನಾಗ್ 2007ರಲ್ಲಿ ಬರೆದ ಪ್ರಬಂಧದ ಪ್ರಕಾರ, ನಮ್ಮ ಅಕ್ಷರಗಳ ಮೇಲಿನ ಹಿಡಿತ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ. 26 ಅಕ್ಷರದ ಇಂಗ್ಲಿಷ್‌ಗೆ ಹೊಂದುವ ಕಾಲಮಾನವನ್ನು ಕಾಗುಣಿತ, ಒತ್ತಕ್ಷರಗಳ ಕನ್ನಡಕ್ಕೆ ಹೇರಿದರೆ, ಕಲಿಯುತ್ತಿರುವ ಮಗುವೂ ಹಿಂದುಳಿದಂತೆ ಕಾಣುತ್ತದೆ. ತಾಂಡಾದಲ್ಲಿ ಲಂಬಾಣಿ, ಕರಾವಳಿಯಲ್ಲಿ ತುಳು ಆಡುವ ಮಗು ಕನ್ನಡದ ಕಥೆಯಲ್ಲಿ ತಡವರಿಸಿದಾಗ ತಿಳಿದುಬರುವುದು ಓದಿನ ಕೊರತೆಯೋ, ಭಾಷೆಯ ಅಪರಿಚಯವೋ? ಎಂ.ಇಡಿ., ಪಿಎಚ್‌.ಡಿ. ಪ್ರಬಂಧಗಳಿಗಾಗಿ ಹಂಚುವ ಪ್ರಶ್ನಾವಳಿಗಳ ಪಾಡು ಇನ್ನೂ ಕಷ್ಟ. ರೆನ್ಸಿಸ್ ಲೈಕರ್ಟ್ 1932ರಲ್ಲಿ ರೂಪಿಸಿದ ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಸಂಪೂರ್ಣ ಒಪ್ಪುವುದಿಲ್ಲ’ದವರೆಗಿನ ಮಾಪನವನ್ನು ಮಕ್ಕಿಕಾಮಕ್ಕಿ ಅನುವಾದಿಸಿ ಕೊಟ್ಟರೆ, ಊಟದ ಬಿಡುವಿನಲ್ಲಿ ಅದು ಕೈಗೆ ಬಂದ ಶಿಕ್ಷಕಿ ಮಧ್ಯದ ಮನೆಗಳಿಗೆಲ್ಲ ಗುರುತು ಹಾಕಿ ಕೊಡುತ್ತಾರೆ. ಆಮೇಲೆ ಕಂಪ್ಯೂಟರ್ ಎಷ್ಟು ದಶಮಾಂಶದವರೆಗೆ ಲೆಕ್ಕ ಹಾಕಿದರೇನು?

ಇಷ್ಟೆಲ್ಲ ಮಾಹಿತಿಯ ಹೊರೆ ಕೊನೆಗೆ ಬೀಳುವುದು ಶಿಕ್ಷಕರ ಹೆಗಲಿಗೇ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಗಣತಿದಾರರಾದರು. ಕೆಲಸ ಮುಗಿಯದೆ ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಹಿಗ್ಗಿಸಲಾಯಿತು. ಆ ಸಮೀಕ್ಷೆಯ ಅಗತ್ಯದ ಚರ್ಚೆ ಬೇರೆ. ಆದರೆ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಬಳಸಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ಪಾಠದ ಹೊತ್ತನ್ನು ತಿಂದು ಸಂಗ್ರಹಿಸಿದ ಮಾಹಿತಿ ಪಾಠದ ಬಗ್ಗೆ ಏನು ಹೇಳೀತು?

ಮಾಡಬೇಕಾದದ್ದು ದೊಡ್ಡದೇನಲ್ಲ. ಯಾವುದೇ ಸಮೀಕ್ಷೆಯ ಅಂಕಿ ಪ್ರಕಟವಾದಾಗ ಪ್ರಶ್ನೆಪತ್ರಿಕೆ, ಮಾದರಿ ಆಯ್ದ ರೀತಿ, ಅಳೆದವರು ಯಾರೆಂಬ ವಿವರ ಜೊತೆಗೇ ಪ್ರಕಟವಾಗಬೇಕು. ಪ್ರತಿ ಸರ್ಕಾರಿ ಮೌಲ್ಯಮಾಪನದ ಒಂದು ಸಣ್ಣ ಪಾಲನ್ನಾದರೂ ಹೊರಗಿನವರು ಮತ್ತೆ ಅಳೆದು ತಾಳೆ ನೋಡಬೇಕು. ತರಗತಿಯಲ್ಲಿ ಕೂತು ಗಮನಿಸುವ, ಪೋಷಕರೊಂದಿಗೆ ಮಾತಾಡುವ ನಿಧಾನದ ಕೆಲಸಕ್ಕೂ ಸಂಖ್ಯೆಗಳಷ್ಟೇ ಬೆಲೆ ಸಿಗಬೇಕು. ಫಲಿತಾಂಶ ಮೊದಲು ತಲುಪಬೇಕಾದದ್ದು ಆ ಮಗುವಿನ ಶಿಕ್ಷಕರಿಗೆ, ಶಿಕ್ಷೆಯಾಗಿ ಅಲ್ಲ, ನೆರವಾಗಿ. ಓದುಗರಾದ ನಮ್ಮ ಪಾಲಿನದೂ ಒಂದಿದೆ. ಮುಂದಿನ ಸಲ ‘ಇಷ್ಟು ಮಕ್ಕಳಿಗೆ ಓದಲು ಬಾರದು’ ಎಂಬ ಸುದ್ದಿ ಬಂದಾಗ, ಎಷ್ಟು ಎಂದು ಬೆರಗಾಗುವ ಮುನ್ನ, ಹೇಗೆ ಅಳೆದಿರಿ ಎಂದು ಕೇಳೋಣ.